ಸೆಕೆಂಡಿಗೆ ಐನೂರು ಸಲ

ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಎಂಬ ಒಂದೇ ಪ್ರಶ್ನೆಗೆ ಆ ಮಧ್ಯಾಹ್ನವೆಲ್ಲ ಹೋಯಿತು.

ಧಾರವಾಡದ ಹೊರವಲಯದ ನರಸಂವಾದ ಕೇಂದ್ರದಲ್ಲಿ ಮೂವರು ಒಂದು ಮೇಜಿನ ಸುತ್ತ ಕೂತಿದ್ದರು. ಕೇಂದ್ರದ ಮುಖ್ಯಸ್ಥರಾದ ನರವೈದ್ಯ ಡಾ. ಪ್ರಹ್ಲಾದ ಗಲಗಲಿ, ಚಿಪ್ ವಿನ್ಯಾಸ ಮಾಡುವ ಇಮ್ತಿಯಾಜ್ ಕಿತ್ತೂರ, ಮಿದುಳಿನ ಸಂಕೇತಗಳನ್ನು ಓದುವ ಕೆಲಸದ ಹೊಣೆ ಹೊತ್ತ ಎಂಜಿನಿಯರ್ ನೀಲಾಂಬಿಕಾ ಹೊಂಬಳ. ಮೇಜಿನ ಮೇಲೆ ಗಾಜಿನ ಬಟ್ಟಲಲ್ಲಿ ಹುಣಸೆಬೀಜದಷ್ಟು ದೊಡ್ಡ ಚಿಪ್ ಒಂದಿತ್ತು.

ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿ, ಮೈ ಪೂರ್ತಿ ಸೋತು, ಬೇಕೆಂದಾಗ ಕಣ್ಣುರೆಪ್ಪೆ ಕೂಡ ಆಡಿಸಲಾಗದೆ ಮಲಗಿರುವವರಿಗಾಗಿ ಅದನ್ನು ಮಾಡಿದ್ದರು. ಇಂಥವರಿಗೆ ಕಿವಿ ಕೇಳಿಸುತ್ತದೆ, ನೆನಪಿರುತ್ತದೆ, ಎಚ್ಚರವಿರುತ್ತದೆ. ಹೊರಗಿನವರಿಗೆ ಏನನ್ನೂ ಹೇಳಲು ಮಾತ್ರ ದಾರಿಯಿಲ್ಲ. ಅವರ ಪರವಾಗಿ ಒಂದು ಯಂತ್ರ ಹೇಳುವಂತಾದರೆ? ಮಾತು ಬೇಡ, ವಾಕ್ಯ ಬೇಡ, ಹಿತವಾಗಿದೆಯೋ ಇಲ್ಲವೋ ಅಷ್ಟನ್ನೇ ಹೇಳಿದರೆ? ಗಲಗಲಿಯವರು ಹನ್ನೆರಡು ವರ್ಷ ಈ ಒಂದು ಆಸೆಯ ಹಿಂದೆ ನಡೆದು ಬಂದಿದ್ದರು.

ಚಿಪ್ಪಿನೊಳಗೆ ಎಡಿಸಿ ಎಂಬ ಭಾಗವಿತ್ತು. ಮಿದುಳಿನ ವಿದ್ಯುತ್ ಅಲೆ ಎಡೆಬಿಡದೆ ಏರಿ ಇಳಿಯುವಂಥದು; ಕಂಪ್ಯೂಟರಿಗೆ ಬೇಕಾದದ್ದು ಅಂಕಿ. ಗೊತ್ತಾದ ಗಳಿಗೆಗೊಮ್ಮೆ ಅಲೆಯ ಎತ್ತರ ಅಳೆದು ಅದನ್ನು ಅಂಕಿಯಾಗಿ ಕೊಡುವುದು ಎಡಿಸಿಯ ಕೆಲಸ. ಸೆಕೆಂಡಿಗೆ ಎಷ್ಟು ಸಲ ಹಾಗೆ ಅಳೆಯಬೇಕು ಎಂಬುದಕ್ಕೆ ಸ್ಯಾಂಪ್ಲಿಂಗ್ ದರ ಎನ್ನುತ್ತಾರೆ. ಹೆಚ್ಚು ಸಲ ಅಳೆದಷ್ಟೂ ಅಲೆ ಸ್ಪಷ್ಟ. ಆದರೆ ಹೆಚ್ಚು ಸಲ ಅಳೆದಷ್ಟೂ ಚಿಪ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ತಲೆಬುರುಡೆಯ ಕೆಳಗೆ ಮಿದುಳಿಗೆ ತಾಗಿ ಕೂತ ವಸ್ತು ಒಂದು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು. ಬ್ಯಾಟರಿ ಮುಗಿದರೆ ಮತ್ತೆ ತಲೆ ತೆರೆಯಬೇಕು.

"ನೀಲಾ, ನೀವು ಹೇಳ್ರಿ. ನಿಮಗ ಎಷ್ಟ ಬೇಕು?" ಎಂದು ಗಲಗಲಿ ಕೇಳಿದರು.

"ಮನುಷ್ಯ ಸಮಾಧಾನದಾಗ ಇದ್ದಾಗ ಬರೋ ಅಲೆ ಸೆಕೆಂಡಿಗೆ ಹತ್ತು ಸಲ ಏರಿಳೀತೈತ್ರಿ. ತ್ರಾಸ ಆದಾಗ ಬರೋದು ಇಪ್ಪತ್ತೈದು, ಮೂವತ್ತು. ನಮಗ ಬೇಕಾದ್ದು ಯಾವುದೂ ನೂರು ದಾಟಂಗಿಲ್ಲ. ಅದರ ಎರಡು ಪಟ್ಟು ಅಳದ್ರ ಲೆಕ್ಕಕ್ಕ ಸಾಕು. ನಾವು ಐದು ಪಟ್ಟು ಇಡೋಣು. ಐನೂರು."

"ಸಾವಿರ ಮಾಡಿದ್ರ?"

"ಬ್ಯಾಟರಿ ಅರ್ಧಕ್ಕ ಇಳೀತೈತಿ," ಎಂದ ಇಮ್ತಿಯಾಜ್. "ಬಿಸೀನೂ ಜಾಸ್ತಿ."

ಐನೂರು ಎಂದೇ ತೀರ್ಮಾನವಾಯಿತು. ಅದು ಅವಸರದ ತೀರ್ಮಾನವೂ ಅಲ್ಲ, ಉಡಾಫೆಯದೂ ಅಲ್ಲ. ಆ ವಿಷಯ ಬಲ್ಲ ಯಾರೇ ಆದರೂ ಅದನ್ನೇ ಹೇಳುತ್ತಿದ್ದರು. ಕೆಲವು ವಾರಗಳ ನಂತರ ಇಮ್ತಿಯಾಜ್ ಮತ್ತೊಂದು ಸಲಹೆ ತಂದ. ಎಡಿಸಿಯ ಮುಂದೆ, ಬೇಡದ ವೇಗದ ಅಲೆಗಳನ್ನು ತಡೆಯಲು ಒಂದು ಫಿಲ್ಟರ್ ಇರುತ್ತದೆ. ಅದನ್ನು ಚಿಕ್ಕದು ಮಾಡಿದರೆ ಚಿಪ್ ಇನ್ನಷ್ಟು ತೆಳ್ಳಗಾಗುತ್ತದೆ. ಅಷ್ಟು ವೇಗದ ಅಲೆ ಮಿದುಳಿನ ಆ ಭಾಗದಲ್ಲಿ ಹೇಗೂ ಇಲ್ಲವಲ್ಲ ಎಂದ. ಇದ್ದುದನ್ನು ಆತನಕ ಯಾರೂ ಕಂಡಿರಲಿಲ್ಲ. ನೀಲಾಂಬಿಕಾ ಲೆಕ್ಕ ನೋಡಿ ಒಪ್ಪಿದಳು.

ಪರೀಕ್ಷೆಗಳು ಚೆನ್ನಾಗಿ ನಡೆದವು. ರೋಗಿಯ ಅಂಗೈ ಮೇಲೆ ಮಂಜುಗಡ್ಡೆ ಇಟ್ಟರೆ ಕೆಂಪು ದೀಪ, ಬೆಚ್ಚಗೆ ಹೊದಿಸಿದರೆ ಹಸಿರು ದೀಪ, ನಿದ್ದೆಗೆ ನೀಲಿ. ಒಂದು ಸಲವೂ ತಪ್ಪಲಿಲ್ಲ. ಇದಕ್ಕಿಂತ ಹೆಚ್ಚು ನೋಯಿಸಿ ಪರೀಕ್ಷಿಸಲು ನೀತಿ ಸಮಿತಿ ಬಿಡಲಿಲ್ಲ. ಮಾತನಾಡಲಾಗದವರನ್ನು ಬೇಕೆಂದೇ ನೋಯಿಸುವುದು ತಪ್ಪು ಎಂದು ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಮೂರು ವರ್ಷದಲ್ಲಿ ಚಿಪ್ ನೂರಾರು ತಲೆಗಳೊಳಗೆ ಹೋಯಿತು. ಹಾಸಿಗೆಯ ಪಕ್ಕ ಇಡುವ ಮೂರು ದೀಪದ ಪೆಟ್ಟಿಗೆಗೆ ಕೇಂದ್ರದವರು ಇಟ್ಟ ಹೆಸರು ಯಾರ ನಾಲಿಗೆಯಲ್ಲೂ ನಿಲ್ಲದೆ, ಜನ ಅದನ್ನು ದೀಪದ ಡಬ್ಬಿ ಎಂದೇ ಕರೆದರು. ಡಬ್ಬಿ ಬಂದ ಮನೆಗಳಲ್ಲಿ ದಿನಚರಿಯೇ ಬದಲಾಯಿತು. ಬೆಳಗ್ಗೆ ಎದ್ದವರು ಮೊದಲು ಡಬ್ಬಿ ನೋಡಿದರು. ಯಾವ ನೆಂಟರು ಬಂದಾಗ ಹಸಿರು, ಯಾರು ಬಂದಾಗ ಕೆಂಪು ಎಂಬುದು ಮಾತಿಗೆ ಬಂತು. ಒಂದು ಮನೆಯಲ್ಲಿ ಸೊಸೆ ಒಳಗೆ ಬಂದರೆ ಕೆಂಪು ಹತ್ತುತ್ತದೆಂದು ಅವಳನ್ನು ಆ ಕೋಣೆಗೇ ಬಿಡಲಿಲ್ಲ. ಹಸಿರು ತುಂಬ ಹೊತ್ತು ಇರುವ ರೋಗಿಗಳಿಗೆ ವೈದ್ಯರು ನೋವಿನ ಮಾತ್ರೆ ನಿಲ್ಲಿಸಿದರು. ಮೂತ್ರಪಿಂಡಕ್ಕೆ ಹಾನಿ ಮಾಡುವ ಔಷಧ, ಬೇಡವಾದರೆ ಯಾಕೆ ಕೊಡಬೇಕು ಎಂದು ಮನೆಯವರಿಗೂ ಸಂತೋಷವಾಯಿತು.

ಗದಗದ ಬೆಟಗೇರಿಯಲ್ಲಿ ಸಾವಂತ್ರಿ ಎಂಬಾಕೆಯ ರೊಟ್ಟಿ ಖಾನಾವಳಿ ಇತ್ತು. ಮುಂದೆ ನಾಲ್ಕು ಮೇಜು, ಹಿಂದೆ ಅಡುಗೆಮನೆ, ಅದಕ್ಕೆ ಹತ್ತಿದ ಕೋಣೆಯಲ್ಲಿ ಗಂಡ ಫಕೀರಪ್ಪ ಮಲಗಿದ್ದ. ಮೊದಲು ಆತ ಬೋರ್‌ವೆಲ್ ಕೊರೆಯುವ ಗಾಡಿಯ ಆಪರೇಟರ್. ಆ ಗದ್ದಲದಲ್ಲಿ ಕೂಗಿ ಮಾತನಾಡಿದ ರೂಢಿಗೆ ಮನೆಯಲ್ಲೂ ಕೂಗಿಯೇ ಮಾತನಾಡುತ್ತಿದ್ದ. ನೀರು ಕೇಳಿದರೂ ಬೀದಿಗೆ ಕೇಳಿಸುತ್ತಿತ್ತು. ನರೇಗಲ್ ಹತ್ತಿರ ಒಂದು ಹೊಲದಲ್ಲಿ ಕೊರೆಯುತ್ತಿದ್ದಾಗ ನಿಂತಲ್ಲೇ ಕುಸಿದವನು ಮತ್ತೆ ಮಾತನಾಡಲಿಲ್ಲ.

ನೀಲಾಂಬಿಕಾ ವರ್ಷಕ್ಕೆ ಒಂದೆರಡು ಸಲ ರೋಗಿಗಳ ಮನೆಗಳಿಗೆ ಹೋಗಿ ಡಬ್ಬಿಗಳನ್ನು ನೋಡಿ ಬರುತ್ತಿದ್ದಳು. ಸಾವಂತ್ರಿಯ ಮನೆಗೆ ಹೋಗುವುದೆಂದರೆ ಅವಳಿಗೆ ಇಷ್ಟ. ಊಟ ಮಾಡದೆ ಸಾವಂತ್ರಿ ಕಳಿಸುತ್ತಿರಲಿಲ್ಲ.

ಆ ಸಲ ಹೋದಾಗ ಸಾವಂತ್ರಿ ಕೈಗೆ ಹತ್ತಿದ ಜೋಳದ ಹಿಟ್ಟು ತೊಳೆದುಕೊಂಡು ಬಂದು, "ಅಕ್ಕಾರ, ನಿಮಗೊಂದು ತೋರಸ್ತೇನಿ ಬರ್ರಿ," ಎಂದು ಕೋಣೆಗೆ ಕರೆದೊಯ್ದಳು. ಫಕೀರಪ್ಪನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಭುಜದಿಂದ ಮೇಲಕ್ಕೆ, ತಲೆಯ ಕಡೆಗೆ ಎತ್ತಿದಳು. ಡಬ್ಬಿಯಲ್ಲಿ ಹಸಿರು ಹತ್ತಿತು. ಎತ್ತಿದಷ್ಟೂ ಅದು ಪ್ರಖರವಾಯಿತು.

"ನೋಡ್ರಿ. ಮತ್ತ ಯಾವುದಕ್ಕೂ ಇಷ್ಟ ಬೆಳಗಂಗಿಲ್ಲ. ಮುಂಜಾನೆ ಒಮ್ಮೆ, ಸಂಜಿಮುಂದ ಒಮ್ಮೆ ಎತ್ತತೇನಿ. ಗಾಡಿ ಮ್ಯಾಲ ನಿಂತಾಗ ಈ ಕೈಲೇ ಸರಳು ಎಳೀತಿದ್ರು ಅವ್ರು. ಅದಕ್ಕ ಹಿತ ಅನಸ್ತೈತಿ ಅಂತ ಕಾಣತೈತಿ."

ನೀಲಾಂಬಿಕಾ ನಕ್ಕಳು. ಅಷ್ಟರಲ್ಲಿ ಹುಣ್ಣು ತೊಳೆಯಲು ಬರುವ ನರ್ಸ್ ಬಂದಳು. ಬಹಳ ದಿನ ಮಲಗಿದ್ದರಿಂದ ಫಕೀರಪ್ಪನ ಸೊಂಟದ ಹಿಂದೆ ಅಂಗೈಯಗಲದ ಹುಣ್ಣಾಗಿತ್ತು. ನರ್ಸ್ ಅವನನ್ನು ಮಗ್ಗುಲಾಗಿಸಿ, ಸತ್ತ ಚರ್ಮವನ್ನು ಕತ್ತರಿಯಿಂದ ತೆಗೆದು, ಔಷಧದಿಂದ ಒರೆಸಿದಳು. ನೋಡಲಾಗದೆ ನೀಲಾಂಬಿಕಾ ಮುಖ ತಿರುಗಿಸಿದಳು. ತಿರುಗಿಸಿದ ಕಡೆ ಡಬ್ಬಿ ಇತ್ತು. ಅದರಲ್ಲಿ ಹಸಿರು ಉರಿಯುತ್ತಿತ್ತು.

"ಇವರಿಗೆ ಅಲ್ಲಿ ಸ್ಪರ್ಶನೇ ಇಲ್ರಿ, ಮೇಡಂ. ಪುಣ್ಯಾ ಮಾಡ್ಯಾರ," ಎಂದಳು ನರ್ಸ್.

ನೀಲಾಂಬಿಕಾ ಆ ದಿನ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಹೇಳಿ ಜೀಪು ಹತ್ತಿದಳು. ಹುಬ್ಬಳ್ಳಿ ಬರುವ ತನಕ ಅವಳ ತಲೆಯಲ್ಲಿ ಒಂದೇ ಯೋಚನೆ. ಸ್ಪರ್ಶವೇ ಇಲ್ಲದಿದ್ದರೆ ದೀಪ ಬದಲಾಗಬಾರದಿತ್ತು. ಏನೂ ಗೊತ್ತಾಗದಿದ್ದವನಿಗೆ ಹಿತ ಎಲ್ಲಿಂದ ಬಂತು? ಹುಣ್ಣಿಗೆ ಕತ್ತರಿ ಹಾಕಿದಾಗ ಹಿತವಾಗಿದೆ ಎಂದರೆ ಡಬ್ಬಿ ಯಾವುದೋ ಬೇರೆ ಅಲೆಯನ್ನು ಹಿತವೆಂದು ಓದುತ್ತಿದೆ.

ಕೇಂದ್ರಕ್ಕೆ ಬಂದವಳೇ ಇಮ್ತಿಯಾಜನನ್ನು ಕರೆದು ಕೇಳಿದಳು. "ಸೆಕೆಂಡಿಗೆ ನಾನೂರ ತೊಂಬತ್ತು ಸಲ ಏರಿಳಿಯೋ ಅಲೆ ನಮ್ಮ ಎಡಿಸಿಗೆ ಬಂದ್ರ ಏನಾಗಿ ಕಾಣತೈತಿ?"

ಇಮ್ತಿಯಾಜ್ ಯೋಚಿಸುವ ಅಗತ್ಯವಿರಲಿಲ್ಲ. "ಐನೂರರಾಗ ನಾನೂರ ತೊಂಬತ್ತು ಕಳದ್ರ ಹತ್ತು. ಹತ್ತರ ಅಲೆ ಆಗಿ ಕಾಣತೈತಿ." ಹೇಳಿ ಮುಗಿಸಿದ ಮೇಲೆ ಅವನ ಮುಖ ಬದಲಾಯಿತು. "ಆದರ ಅಷ್ಟ ವೇಗದ್ದು ಮಿದುಳಿನಾಗ ಇಲ್ಲಲ್ಲ."

"ನಾವು ನೋಡಿಲ್ಲ. ತಡಿಯೋ ಫಿಲ್ಟರನೂ ಸಣ್ಣದು ಮಾಡೀವಿ," ಎಂದಳು ನೀಲಾಂಬಿಕಾ.

ಚಿಪ್ಪಿಗೆ ಪರೀಕ್ಷೆಯ ಸ್ಥಿತಿ ಎಂದೊಂದಿತ್ತು. ಹೊರಗಿನಿಂದ ಆಜ್ಞೆ ಕೊಟ್ಟರೆ ಅದು ಸ್ವಲ್ಪ ಹೊತ್ತು ಸೆಕೆಂಡಿಗೆ ನಾಲ್ಕು ಸಾವಿರ ಸಲ ಅಳೆಯುತ್ತಿತ್ತು. ಅಷ್ಟರಲ್ಲೇ ಬಿಸಿಯಾಗುವುದರಿಂದ ಬೇಗ ನಿಲ್ಲಿಸಬೇಕು. ಫಕೀರಪ್ಪನ ವಾರ್ಷಿಕ ತಪಾಸಣೆ ಹತ್ತಿರದಲ್ಲೇ ಇತ್ತು. ಅವನನ್ನು ಆಂಬುಲೆನ್ಸಿನಲ್ಲಿ ಕರೆತಂದರು. ಸಾವಂತ್ರಿ ಖಾನಾವಳಿಗೆ ಬಾಗಿಲು ಹಾಕಿ ಜೊತೆಗೆ ಬಂದಳು. ನೀಲಾಂಬಿಕಾಗೆಂದು ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು.

ಗಾಜಿನ ಗೋಡೆಯ ಈಚೆ ನೀಲಾಂಬಿಕಾ, ಇಮ್ತಿಯಾಜ್, ಗಲಗಲಿ ಕೂತರು. ಆಚೆ ಹಾಸಿಗೆಯ ಪಕ್ಕದಲ್ಲಿ ಸಾವಂತ್ರಿ. ನೀಲಾಂಬಿಕಾ ಮೈಕಿನ ಗುಂಡಿ ಒತ್ತಿದಳು.

"ಸಾವಂತ್ರಕ್ಕ, ಮನ್ಯಾಗ ಎತ್ತತೀರಲ್ಲ, ಹಂಗ ಒಮ್ಮೆ ಕೈ ಎತ್ತರಿ."

ಸಾವಂತ್ರಿ ಸಂತೋಷದಿಂದ ಎದ್ದಳು. ಗಂಡನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿ, ಕೈ ಹಿಡಿದು ಮೇಲಕ್ಕೆತ್ತಿದಳು. ಡಬ್ಬಿಯಲ್ಲಿ ಹಸಿರು ಬೆಳಗಿತು. ಅವಳು ಗಾಜಿನ ಕಡೆ ತಿರುಗಿ, ನೋಡಿರಾ ಎಂಬಂತೆ ನಕ್ಕಳು.

ಇಮ್ತಿಯಾಜ್ ದರವನ್ನು ನಾಲ್ಕು ಸಾವಿರಕ್ಕೆ ಏರಿಸಿದ. ತೆರೆಯ ಮೇಲೆ ಹತ್ತರ ಜಾಗದಲ್ಲಿದ್ದ ಎತ್ತರದ ಗೆರೆ ಮಾಯವಾಯಿತು. ಅದು ನಾನೂರ ತೊಂಬತ್ತರ ಬಳಿ ಹೋಗಿ ನಿಂತಿತ್ತು. ಕೈ ಇನ್ನಷ್ಟು ಮೇಲೆ ಹೋದಂತೆ ಅದೂ ಬೆಳೆಯಿತು.

"ಸಾಕು," ಎಂದಳು ನೀಲಾಂಬಿಕಾ. ಮೈಕು ಬಂದ್ ಆಗಿತ್ತು, ಸಾವಂತ್ರಿಗೆ ಕೇಳಿಸಲಿಲ್ಲ. ನೀಲಾಂಬಿಕಾ ಎದ್ದು, ಬಾಗಿಲು ತೆರೆದು ಓಡಿ, ಆ ಕೈಯನ್ನು ತಾನೇ ಹಿಡಿದು ಕೆಳಗಿಟ್ಟಳು.

ಮೂಳೆಯ ವೈದ್ಯರು ಬಂದು ಎಕ್ಸ್‌ರೇ ತೆಗೆಸಿದರು. ಫಕೀರಪ್ಪನ ಬಲಭುಜ ಕೀಲಿನಿಂದ ಜಾರಿತ್ತು. ಜಾರಿ ಬಹಳ ದಿನವಾಗಿತ್ತು. ಆ ಕೈಯನ್ನು ಎತ್ತಿದಾಗೆಲ್ಲ ಮೂಳೆಯ ತುದಿ ನರವನ್ನು ಒತ್ತುತ್ತಿತ್ತು.

ಸಾವಂತ್ರಿಯನ್ನು ಗಂಡನ ಬಳಿ ಕೂರಿಸಿ ಮೂವರೂ ಗಲಗಲಿಯವರ ಕೋಣೆಗೆ ಹೋದರು. ಗಲಗಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಣ್ಣ ತ್ರಾಸಕ್ಕ ಕೆಂಪು ಹತ್ತತದ. ಅದು ಖರೇನ ಅದ," ಎಂದರು. "ದೊಡ್ಡ ನೋವಿಗೆ ಈ ಹೊಸಾ ಅಲೆ ಬರತದ. ಅದು ಹಸಿರಾಗಿ ಕಾಣತದ. ಅಂದ್ರ ಎಲ್ಲಾರ ಮನ್ಯಾಗೂ..."

"ಹೌದ್ರಿ ಸರ್."

"ಇದನ್ನ ಈಗ ಹೇಳಬ್ಯಾಡ್ರಿ, ನೀಲಾ. ಮೊದಲು ಪರಿಹಾರ ತರ್ರಿ. ಕೈಯಾಗ ಏನೂ ಇಲ್ಲದ ಹೋಗಿ, ನಿಮ್ಮ ಮನುಷ್ಯ ಇಷ್ಟು ದಿನ ನರಳ್ಯಾನ ಅಂತ ಹೇಳಿದ್ರ ಆ ಜನಾ ಏನು ಮಾಡಬೇಕು? ತಿಂಗಳು, ಎರಡು ತಿಂಗಳು. ಆಮ್ಯಾಲ ನಾನ ಹೇಳತೇನಿ."

"ಎರಡು ತಿಂಗಳು ಆ ಹೆಣ್ಣಮಗಳು ದಿನಾ ಎರಡು ಸಲ ಕೈ ಎತ್ತತಾಳ್ರಿ ಸರ್."

ನೀಲಾಂಬಿಕಾ ಅವರ ಉತ್ತರಕ್ಕೆ ಕಾಯದೆ ಹೊರಗೆ ಬಂದಳು.

ಸಾವಂತ್ರಿಯನ್ನು ಕೇಂದ್ರದ ಹಿತ್ತಲಿನ ಬೇವಿನ ಮರದ ಕೆಳಗಿನ ಬೆಂಚಿಗೆ ಕರೆದೊಯ್ದಳು. ಎಲ್ಲಿಂದ ಶುರುಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಪಂಚಮಿಗೆ ಜೋಕಾಲಿ ಕಟ್ತೀವಲ್ಲ ಸಾವಂತ್ರಕ್ಕ. ಯಾರೋ ಜೋರಾಗಿ ಜೀಕಾಕತ್ಯಾರ ಅಂತ ತಿಳೀರಿ. ನೀವು ಕಣ್ಣು ಮುಚ್ಚಿಕೊಂಡು, ಜೋಕಾಲಿ ಈ ಕಡೆ ಬಂದಾಗೊಮ್ಮೆ ಅಷ್ಟ ಕಣ್ಣು ತೆರದ್ರ ಹೆಂಗ ಕಾಣತೈತಿ?"

"ಇಲ್ಲೇ ನಿಂತಂಗ ಕಾಣತೈತಿ."

"ಸ್ವಲ್ಪ ತಪ್ಪಿ ತೆರದ್ರ?"

"ಮೆಲ್ಲಕ ಸರದಂಗ." ಸಾವಂತ್ರಿಗೆ ಇದೇಕೆ ಎಂದು ಅರ್ಥವಾಗಲಿಲ್ಲ. "ಯಾಕ್ರಿ ಅಕ್ಕಾರ?"

"ನಮ್ಮ ಯಂತ್ರಾ ಹಂಗ ನೋಡೈತಿ. ಅವರೊಳಗ ಏನೋ ಭಾಳ ಜೋರಾಗಿ ನಡದಿತ್ತು. ನಾವು ಕಣ್ಣು ತೆರೆದು ಮುಚ್ಚೋ ವೇಗ ಅದಕ್ಕ ಸಾಲಲಿಲ್ಲ. ಅದಕ್ಕ ಶಾಂತ ಕಂಡೈತಿ. ಆ ವೇಗ ಗೊತ್ತು ಮಾಡಿದಾಕಿ ನಾನ."

ಸಾವಂತ್ರಿ ಅವಳ ಕಡೆ ತಿರುಗಿ ಕೂತಳು.

"ಕೈ ಎತ್ತಿದಾಗ ಹಸಿರು ಬರತಿತ್ತಲ್ರಿ," ಎಂದಳು.

"ಹೌದು."

"ಅದು?"

"ಅದು ಬ್ಯಾನಿ, ಸಾವಂತ್ರಕ್ಕ."

ಸಾವಂತ್ರಿ ಅಳಲಿಲ್ಲ. ತೊಡೆಯ ಮೇಲಿದ್ದ ತನ್ನ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಎದ್ದು ಕೆಲವು ಹೆಜ್ಜೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತಳು. ನೀಲಾಂಬಿಕಾ ಬೆನ್ನು ನೀವಲು ಹೋದರೆ, "ಮುಟ್ಟಬ್ಯಾಡ್ರಿ ನನ್ನ," ಎಂದಳು. ಮುಖ ತೊಳೆದುಕೊಂಡು ಬಂದು, ಶಾಂತವಾಗಿಯೇ ಕೇಳಿದಳು: "ಇವರ ನೋವಿನ ಗುಳಗಿ ಬಂದ್ ಮಾಡಿದ್ದೂ ಅದನ್ನ ನೋಡೇ ಅಲ್ರಿ?"

"ಹೌದು."

"ಮೊದಲು ಅದನ್ನ ಶುರು ಮಾಡ್ರಿ. ಉಳಿದಿದ್ದು ಆಮ್ಯಾಗ ಮಾತಾಡೂಣು."

ಅಂದೇ ಭುಜಕ್ಕೆ ಪಟ್ಟಿ ಕಟ್ಟಿದರು, ನೋವಿನ ಔಷಧ ಶುರುವಾಯಿತು. ಗಲಗಲಿಯವರು ಆ ಸಂಜೆ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಒಂದೊಂದೇ ಮನೆಗೆ ಫೋನ್ ಮಾಡತೊಡಗಿದರು. ಬೇರೆಯವರಿಗೆ ಆ ಕೆಲಸ ಒಪ್ಪಿಸಲಿಲ್ಲ. ಎಷ್ಟೋ ದಿನ ಅದೇ ನಡೆಯಿತು. ಕೆಲವರು ಬೈದರು, ಒಬ್ಬರು ಕೋರ್ಟಿಗೆ ಹೋದರು. ಅವರು ಎಲ್ಲಕ್ಕೂ ಹೌದು ಎಂದರು.

ದರವನ್ನು ಶಾಶ್ವತವಾಗಿ ಏರಿಸುವಂತಿರಲಿಲ್ಲ. ಒಳಗಿರುವ ಚಿಪ್ ಬಿಸಿಯಾಗಿ ಮಿದುಳನ್ನೇ ಸುಡುತ್ತಿತ್ತು. ಎಲ್ಲರ ತಲೆ ತೆರೆದು ಹೊಸ ಚಿಪ್ ಇಡುವುದಕ್ಕೆ ಆ ಮೈಗಳಲ್ಲಿ ಶಕ್ತಿಯಿರಲಿಲ್ಲ. ನೀಲಾಂಬಿಕಾ ವಾರಗಟ್ಟಲೆ ಅದರ ಹಿಂದೆ ಬಿದ್ದಳು. ಊಟಕ್ಕೆ ಕೂತರೆ ತಟ್ಟೆ ಹಾಗೇ ಇರುತ್ತಿತ್ತು. ತಾಯಿ ಎರಡು ಸಲ ಕೂಗಿದರೆ ಒಂದು ಸಲ ಓಗೊಡುತ್ತಿದ್ದಳು. ಕೊನೆಗೆ ಸಿಕ್ಕಿದ ಉಪಾಯ ದೊಡ್ಡದೇನಾಗಿರಲಿಲ್ಲ. ಸ್ವಲ್ಪ ಹೊತ್ತು ಐನೂರರ ದರದಲ್ಲಿ ಅಳೆಯುವುದು, ಸ್ವಲ್ಪ ಹೊತ್ತು ಐನೂರ ಮೂವತ್ತರಲ್ಲಿ. ನಿಜವಾದ ಹತ್ತರ ಅಲೆ ಎರಡರಲ್ಲೂ ಹತ್ತಾಗಿಯೇ ಕಾಣುತ್ತದೆ. ವೇಷ ಹಾಕಿಕೊಂಡು ಬಂದ ವೇಗದ ಅಲೆ ಒಂದರಲ್ಲಿ ಹತ್ತು, ಇನ್ನೊಂದರಲ್ಲಿ ನಲವತ್ತಾಗಿ ಜಾಗ ಬದಲಿಸಿ ಸಿಕ್ಕಿಬೀಳುತ್ತದೆ. ಬಿಸಿ ಏರುವುದಿಲ್ಲ, ಬ್ಯಾಟರಿಗೂ ಭಾರವಿಲ್ಲ. ತಲೆ ತೆರೆಯದೆ, ಹೊರಗಿನಿಂದಲೇ ಚಿಪ್ಪಿಗೆ ಹೊಸ ಆಜ್ಞೆ ಕಳಿಸಿದರೆ ಆಯಿತು.

"ಇದನ್ನ ಮೊದಲ ದಿನಾನೇ ಮಾಡಬಹುದಿತ್ತು," ಎಂದ ಇಮ್ತಿಯಾಜ್.

ನೀಲಾಂಬಿಕಾ ತಲೆಯಾಡಿಸಿದಳು. ಆ ಮಾತನ್ನು ಅವರಿಬ್ಬರೂ ಮತ್ತೆ ಎತ್ತಲಿಲ್ಲ.

ಹೊಸ ಆಜ್ಞೆ ಹೋದ ದಿನ ರಾಜ್ಯದ ಎಷ್ಟೋ ಮನೆಗಳಲ್ಲಿ, ವರ್ಷಗಳಿಂದ ಹಸಿರಾಗಿದ್ದ ಡಬ್ಬಿಗಳು ಕೆಂಪಾದವು. ನಿಯಂತ್ರಣ ಕೋಣೆಯ ದೊಡ್ಡ ತೆರೆಯಲ್ಲಿ ಒಂದೊಂದು ಮನೆಗೆ ಒಂದೊಂದು ಚುಕ್ಕೆ. ಅವು ಬಣ್ಣ ಬದಲಿಸುವುದನ್ನು ಮೂವರೂ ನಿಂತು ನೋಡಿದರು. ಯಾರೂ ಕೂರಲಿಲ್ಲ.

ಬಹಳಷ್ಟು ಮನೆಯವರು ಕೆಂಪನ್ನು ನೋಡಿ ಹಾಸಿಗೆ ಬದಲಿಸಿದರು, ವೈದ್ಯರನ್ನು ಕರೆಸಿದರು, ಔಷಧ ಶುರುಮಾಡಿದರು. ಒಬ್ಬರ ಹಲ್ಲಿನ ಬುಡ ಕೊಳೆತಿತ್ತು. ಒಬ್ಬರ ಮೂತ್ರದ ನಳಿಕೆ ಹುಣ್ಣಾಗಿತ್ತು. ಸಿಕ್ಕ ಕಾರಣಗಳನ್ನು ಸರಿಪಡಿಸಿದಂತೆ ಕೆಲವು ಚುಕ್ಕೆಗಳ ಕೆಂಪು ಆರಿತು. ಕೆಲವು ಮನೆಗಳಲ್ಲಿ ಏನು ಮಾಡಿದರೂ ಆರಲಿಲ್ಲ. ಅಂಥ ಮನೆಗಳಿಂದ ಬೇರೆ ರೀತಿಯ ಫೋನು ಬರತೊಡಗಿದವು. ಬೈಲಹೊಂಗಲದ ಕಡೆಯ ಒಬ್ಬ ಮುದುಕ ನೀಲಾಂಬಿಕಾಗೆ ಹೇಳಿದ: "ಮಗಳು ಎರಡು ವರ್ಷ ಹಸಿರನಾಗ ಇದ್ಲವಾ. ಈಗ ಹಗಲಿರುಳು ಕೆಂಪು. ನಾ ಏನೂ ಮಾಡಾಕ ಬರಂಗಿಲ್ಲ ಅಂದಮ್ಯಾಲ ನಂಗ್ಯಾಕ ಅದು? ಹಳೇದ ಹಾಕಿ ಕೊಡ್ರಿ."

"ಅದು ಸುಳ್ಳು ಹೇಳತಿತ್ರಿ, ಅಜ್ಜಾರ."

"ಇರಲಿ."

ಹಳೆಯದನ್ನು ಹಾಕಿಕೊಡಲು ಕೇಂದ್ರ ಒಪ್ಪಲಿಲ್ಲ. ಕೆಲವರು ಡಬ್ಬಿಯ ವೈರು ಕಿತ್ತಿಟ್ಟರು. ದೊಡ್ಡ ತೆರೆಯ ಮೇಲೆ ಅಂಥ ಚುಕ್ಕೆಗಳು ಬೂದಿ ಬಣ್ಣಕ್ಕೆ ತಿರುಗಿದವು. ಬೈಲಹೊಂಗಲದ್ದೂ ಒಂದು ದಿನ ಬೂದಿಯಾಯಿತು.

ಸಾವಂತ್ರಿ ಮಾತ್ರ ಡಬ್ಬಿಯನ್ನು ಆರಿಸಲಿಲ್ಲ. ಖಾನಾವಳಿಯ ಕೆಲಸದ ನಡುವೆ ನಡುವೆ ಕೋಣೆಗೆ ಬಂದು ಕೆಂಪನ್ನು ನೋಡುತ್ತಿದ್ದಳು. ಯಾವ ಮಗ್ಗುಲಿಗೆ ಕಡಿಮೆ, ಒಗ್ಗರಣೆಯ ಹೊಗೆ ಬಂದರೆ ಎಷ್ಟು ಹೆಚ್ಚು, ಫ್ಯಾನಿನ ಗಾಳಿಗೆ ಹೇಗೆ ಎಂದು ಒಂದೊಂದಾಗಿ ಕಲಿತಳು. ಹುಣ್ಣು ನಿಧಾನವಾಗಿ ಮಾಯತೊಡಗಿತು. ಕೆಂಪು ಕಡಿಮೆಯಾಗಿ, ಕೆಲವೊಮ್ಮೆ ಯಾವ ದೀಪವೂ ಇರುತ್ತಿರಲಿಲ್ಲ. ಹಸಿರು ಮಾತ್ರ ಬರಲಿಲ್ಲ. ಬೇಕೇಬೇಕಾದಾಗ ಬಿಟ್ಟರೆ ಅವಳು ಗಂಡನನ್ನು ಮುಟ್ಟುತ್ತಲೂ ಇರಲಿಲ್ಲ. ಸ್ನಾನಕ್ಕೆ, ಬಟ್ಟೆಗೆ ನರ್ಸನ್ನೇ ಕರೆಯುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಫೋನ್ ಬಂತು. ಬೇವಿನ ಮರದ ಕೆಳಗಿನ ಆ ದಿನದ ನಂತರ ಅವಳು ನೀಲಾಂಬಿಕಾಗೆ ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು.

"ಅಕ್ಕಾರ, ಹಸಿರು ಹತ್ತೈತಿ."

"ಏನ್ ಮಾಡತಿದ್ರಿ?"

"ಏನೂ ಇಲ್ರಿ. ಇಲ್ಲೇ ಕುಂತು ಬಳ್ಳೊಳ್ಳಿ ಬಿಡಸಾಕತ್ತಿದ್ದೆ. ಹೊರಗ ಯಾವುದೋ ಬೋರಿನ ಗಾಡಿ ಹೋತು. ಅದರ ಸಪ್ಪಳಕ್ಕೋ ಏನೋ. ಗಾಡಿ ಹೋದಮ್ಯಾಗೂ ಐತಿ." ದನಿ ತಗ್ಗಿಸಿ ಕೇಳಿದಳು. "ಇದು ಖರೇ ಐತೇನ್ರಿ?"

ನೀಲಾಂಬಿಕಾ ಕಂಪ್ಯೂಟರಿನಲ್ಲಿ ಬೆಟಗೇರಿಯ ಚುಕ್ಕೆ ತೆರೆದಳು. ಐನೂರರಲ್ಲೂ ಹತ್ತು, ಐನೂರ ಮೂವತ್ತರಲ್ಲೂ ಹತ್ತು. ಅಷ್ಟಕ್ಕೇ ಹೌದು ಎನ್ನಬಹುದಿತ್ತು. ಆದರೂ ಅವಳು ಪರೀಕ್ಷೆಯ ಸ್ಥಿತಿಗೆ ಹೋಗಿ ಒಂದೆರಡು ಗಳಿಗೆ ನಾಲ್ಕು ಸಾವಿರದ ದರದಲ್ಲಿ ನೋಡಿದಳು. ನಾನೂರ ತೊಂಬತ್ತರ ಬಳಿ ಏನೂ ಇರಲಿಲ್ಲ. ಹತ್ತರ ಗೆರೆ ಅಲ್ಲೇ ಇತ್ತು, ಬೇರೆಲ್ಲೂ ಏನೂ ಇರಲಿಲ್ಲ.

"ನಮಗ ಕಾಣೋವಷ್ಟು ಎಲ್ಲಾ ನೋಡಿದೆ, ಸಾವಂತ್ರಕ್ಕ. ಖರೇ ಐತಿ."

ಆ ಕಡೆ ಅಡುಗೆಮನೆಯಿಂದ ಯಾರೋ ರೊಟ್ಟಿ ಬಡಿಯುವ ಸದ್ದು.

"ಇನ್ನೊಂದು ಕೇಳಲೇನ್ರಿ?"

"ಕೇಳ್ರಿ."

"ಅವರಿಗೆ ಎಲ್ಲಾ ಕೇಳಸತಿತ್ತು, ತಿಳೀತಿತ್ತು ಅಂತೀರಿ. ನಾ ಕೈ ಎತ್ತಿದಾಗ ಬ್ಯಾನಿ ಆಗತಿತ್ತು. ಎತ್ತಿ, ಕಿವ್ಯಾಗ ಹೇಳತಿದ್ದೆ, ಹಿತ ಆತಿಲ್ಲೋ ಅಂತ. ನನಗ ಗೊತ್ತಿದ್ದಿಲ್ಲ ಅನ್ನೋದು ಅವರಿಗೆ ಗೊತ್ತೈತೇನ್ರಿ? ಗೊತ್ತಿದ್ದ ಎತ್ತತಾಳ ಅಂತ ತಿಳಕೊಂಡಿದ್ರ? ಅದನ್ನ ನೋಡಾಕ ಬರತೈತೇನು ನಿಮ್ಮ ಯಂತ್ರದಾಗ?"

ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದರೂ ಅದು ಕಾಣುವಂಥದಲ್ಲ ಎಂದು ನೀಲಾಂಬಿಕಾಗೆ ಗೊತ್ತಿತ್ತು.

"ಇಲ್ಲ, ಸಾವಂತ್ರಕ್ಕ. ಬರಂಗಿಲ್ಲ," ಎಂದಳು. ಆಮೇಲೆ, "ನೀವ ಹೇಳ್ರಿ ಅವರಿಗೆ. ಕೇಳಸತೈತಿ," ಎಂದಳು.

ಸಾವಂತ್ರಿ ಫೋನ್ ಇಟ್ಟಳು.

ಆ ಮಳೆಗಾಲದ ಕೊನೆಗೆ ಫಕೀರಪ್ಪನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಸೇರಿಸಿದ ನಾಲ್ಕನೆಯ ದಿನ ಅವನು ತೀರಿಕೊಂಡ. ಡಬ್ಬಿ ಹಿಂದಕ್ಕೆ ತರುವ ಕೆಲಸ ಬೇರೆಯವರದಾಗಿದ್ದರೂ ನೀಲಾಂಬಿಕಾ ತಾನೇ ಬೆಟಗೇರಿಗೆ ಹೋದಳು. ದಿನಕರ್ಮಗಳು ಮುಗಿದು ಖಾನಾವಳಿ ಮತ್ತೆ ತೆರೆದಿತ್ತು. ಮೇಜುಗಳೆಲ್ಲ ತುಂಬಿದ್ದವು. ಸಾವಂತ್ರಿ ಒಲೆಯ ಮುಂದಿನಿಂದ ಎದ್ದು ಬಂದು ಅವಳಿಗೆ ತಾಟು ಹಾಕಿದಳು, ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು. ನೀಲಾಂಬಿಕಾ ಉಂಡಳು. ಬೇಡವೆನ್ನುವ ಧೈರ್ಯ ಅವಳಿಗಿರಲಿಲ್ಲ.

ಡಬ್ಬಿಯನ್ನು ಒರೆಸಿ, ಚೀಲದಲ್ಲಿ ಹಾಕಿ, ಸಾವಂತ್ರಿ ತಂದುಕೊಟ್ಟಳು.

"ದಿನಾ ಹೇಳಿದೆ ಅಕ್ಕಾರ, ನನಗ ಗೊತ್ತಿದ್ದಿಲ್ಲ ಅಂತ. ನೀವು ಹೇಳಿದ ದಿನದಿಂದ. ರೊಟ್ಟಿ ಮುಗಿಸಿ, ಬಾಜೂ ಕುಂತು, ಮೊದಲಿಂದ ಕಡೀತನಕಾ ಹೇಳತಿದ್ದೆ. ದೀಪ ನೋಡತಿದ್ದಿಲ್ಲ."

ನೀಲಾಂಬಿಕಾ ಚೀಲವನ್ನು ಎದೆಗೆ ಹಿಡಿದುಕೊಂಡು ನಿಂತಳು.

"ಕೇಳಿಸ್ಕೊಂಡಾರ. ಅದು ಗೊತ್ತು," ಎಂದಳು ಸಾವಂತ್ರಿ. "ನಂಬಿದ್ರೋ ಇಲ್ಲೋ."

ಮುಂದಿನ ಮೇಜಿನಿಂದ ಯಾರೋ ಇನ್ನೆರಡು ರೊಟ್ಟಿ ಕೇಳಿದರು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.